ಪದರಗಳನ್ನು ಯಾರಿಗಾಗಿ ಉಳಿಸಬೇಕು?

ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವರು ಕೆಲಸ ಮುಗಿಸಿ 'ಸೇವ್ ಆ್ಯಸ್' ಒತ್ತಿದಾಗ ಒಂದು ಉದ್ದನೆಯ ಪಟ್ಟಿ ತೆರೆದುಕೊಳ್ಳುತ್ತದೆ. ಪಿಎಸ್‌ಡಿ, ಟಿಫ್, ಪಿಎನ್‌ಜಿ, ಜೆಪೆಗ್, ಇನ್ನೂ ಹತ್ತಾರು. ಹೆಚ್ಚಿನವರು ಅದನ್ನು ಹೋಟೆಲಿನ ಮೆನು ಕಾರ್ಡಿನ ಹಾಗೆ ಒಮ್ಮೆ ನೋಡಿ, ದಿನಾ ತಿನ್ನುವುದನ್ನೇ ಆರಿಸಿ ಮುಂದೆ ಹೋಗುತ್ತಾರೆ. ಇದೊಂದು ತಾಂತ್ರಿಕ ಪ್ರಶ್ನೆ, ಗೊತ್ತಿದ್ದವರು ಹೇಳಿದ ಹಾಗೆ ಮಾಡಿದರಾಯಿತು ಎಂಬುದು ಸಾಮಾನ್ಯ ತಿಳಿವಳಿಕೆ. ಸಾಫ್ಟ್‌ವೇರ್ ಪ್ರಾಜೆಕ್ಟುಗಳನ್ನು ನಡೆಸಿಕೊಂಡೇ ತಲೆ ನರೆಸಿಕೊಂಡ ನನಗೆ, ತಾಂತ್ರಿಕ ಎಂದು ನಾವು ಪಕ್ಕಕ್ಕಿಡುವ ಅನೇಕ ಪ್ರಶ್ನೆಗಳು ನಿಜವಾಗಿ ಮನುಷ್ಯರ ನಡುವಿನ ಪ್ರಶ್ನೆಗಳು ಎಂದು ಅನ್ನಿಸುತ್ತ ಬಂದಿದೆ. ಈ ಪಟ್ಟಿಯೂ ಅಂಥದ್ದೇ. ನಾನು ಮಾಡಿದ್ದನ್ನು ನಾಳೆ ಯಾರು ನೋಡಬಹುದು, ಯಾರು ತಿದ್ದಬಹುದು, ನಾನು ಮರೆಮಾಡಿದ್ದು ಯಾರಿಗೆ ಕಾಣಬಹುದು? ಈ ಮೂರಕ್ಕೂ ಆ ಒಂದು ಕ್ಲಿಕ್ಕಿನಲ್ಲಿ ಉತ್ತರ ಬರೆದಾಗುತ್ತದೆ, ಬರೆದವರಿಗೆ ಗೊತ್ತಿರಲಿ ಇಲ್ಲದಿರಲಿ.

ಪದರ ಅಥವಾ ಲೇಯರ್ ಎಂದರೇನು ಎಂದು ತಿಳಿಯದವರಿಗಾಗಿ ಒಂದು ಮಾತು. ಶಾಲೆಯಲ್ಲಿ ಭೂಪಟ ನಕಲು ಮಾಡಲು ಕಾಗದಕ್ಕೆ ಎಣ್ಣೆ ಸವರಿ, ಆಚೆಯದು ಕಾಣುವಂತೆ ಮಾಡುತ್ತಿದ್ದೆವಲ್ಲ, ಅಂಥ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕಲ್ಪಿಸಿಕೊಳ್ಳಿ. ಕೆಳಗಿನ ಹಾಳೆಯಲ್ಲಿ ಆಕಾಶ, ಅದರ ಮೇಲಿನದರಲ್ಲಿ ಮನೆ, ಅದರ ಮೇಲೆ ಮನುಷ್ಯರು, ಎಲ್ಲಕ್ಕಿಂತ ಮೇಲೆ ಅಕ್ಷರ. ಮೇಲಿನಿಂದ ನೋಡಿದರೆ ಒಂದೇ ಚಿತ್ರ. ಆದರೆ ಮನುಷ್ಯನನ್ನು ಎತ್ತಿಟ್ಟರೆ ಹಿಂದಿನ ಬಾಗಿಲು ಹಾಗೇ ಇರುತ್ತದೆ. ಫೋಟೋಶಾಪ್‌ಗೆ ಈ ಸೌಕರ್ಯ ಬಂದದ್ದು 1994ರಲ್ಲಿ, ಅದರ ಮೂರನೆಯ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಅಲ್ಲಿ ಬಣ್ಣದ ಮೇಲೆ ಬಣ್ಣ ಹಚ್ಚಿದರೆ ಕೆಳಗಿನದು ಹೋದಂತೆಯೇ.

ಇಷ್ಟು ಹಾಳೆಗಳನ್ನು ಉಳಿಸಿಕೊಳ್ಳುವುದಕ್ಕೆ ಬೆಲೆಯಿದೆ. ಒಂದು ಎ4 ಪುಟವನ್ನು ಮುದ್ರಣದ ಗುಣಮಟ್ಟದಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಗಳಂತೆ ಬರೆದರೆ 2480 ಅಗಲ, 3508 ಎತ್ತರ, ಒಟ್ಟು ಸುಮಾರು 87 ಲಕ್ಷ ಪಿಕ್ಸೆಲ್. ಪಾರದರ್ಶಕತೆಯೂ ಸೇರಿ ಒಂದು ಪೂರ್ಣ ಪದರಕ್ಕೆ, ಒತ್ತಿ ಚಿಕ್ಕದು ಮಾಡುವ ಮೊದಲು, ಸುಮಾರು 35 ಎಂಬಿ. ಇಪ್ಪತ್ತು ಪದರವಾದರೆ 700 ಎಂಬಿ. ಅದೇ ಚಿತ್ರವನ್ನು ಚಪ್ಪಟೆ ಮಾಡಿ ಜೆಪೆಗ್ ಆಗಿಸಿದರೆ ಕೆಲವೇ ಎಂಬಿ, ವಾಟ್ಸ್ಆ್ಯಪ್‌ನಲ್ಲಿ ಹಾರಿಹೋಗುತ್ತದೆ. ಜೆಪೆಗ್ ಚಿತ್ರವನ್ನು ಎಂಟಕ್ಕೆಂಟರ ಪುಟ್ಟ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ತಿಳಿಯದ ವಿವರವನ್ನು ಬಿಸಾಡುತ್ತದೆ. ತೆರೆದು ತಿದ್ದಿ ಮತ್ತೆ ಉಳಿಸಿದಾಗಲೆಲ್ಲ ಇನ್ನಷ್ಟು ಕಳೆಯುತ್ತದೆ. ಪಿಎನ್‌ಜಿ ಏನನ್ನೂ ಬಿಸಾಡುವುದಿಲ್ಲ, ಆದರೆ ಸಾಮಾನ್ಯ ಪಿಎನ್‌ಜಿಯಲ್ಲಿ ಪದರಗಳಿಲ್ಲ. ಎರಡರಲ್ಲೂ ಮನುಷ್ಯನ ಹಿಂದಿನ ಬಾಗಿಲು ಫೈಲಿನಲ್ಲಿ ಎಲ್ಲೂ ಇರುವುದಿಲ್ಲ.

ಹಾಗಾದರೆ ಪದರಗಳನ್ನು ಉಳಿಸುವ ಫಾರ್ಮ್ಯಾಟ್ ಆರಿಸಿದರೆ ಮುಗಿಯಿತೇ? ಅಲ್ಲಿ ಬೀಗದ ಕೈ ಯಾರ ಹತ್ತಿರ ಇದೆ ಎಂಬ ಪ್ರಶ್ನೆ ಬರುತ್ತದೆ. ಪಿಎಸ್‌ಡಿ ಅಡೋಬಿಯ ಸ್ವಂತ ಫಾರ್ಮ್ಯಾಟ್. ಅದರ ವಿವರಣೆಯನ್ನು ಕಂಪನಿ ಪ್ರಕಟಿಸಿದೆ, ಬೇರೆ ತಂತ್ರಾಂಶಗಳೂ ಓದುತ್ತವೆ, ಆದರೆ ಪದರಗಳ ನೆರಳು, ಹೊಂದಾಣಿಕೆ, ಒಳಗೊಳಗೇ ಹುದುಗಿಸಿದ ವಸ್ತುಗಳೆಲ್ಲ ಮೂಲದಂತೆಯೇ ಕಾಣಬೇಕಾದರೆ ಅದೇ ಕಂಪನಿಯ ತಂತ್ರಾಂಶ ಬೇಕು. ಆ ತಂತ್ರಾಂಶದ ಹೊಸ ಆವೃತ್ತಿಗಳು 2013ರಿಂದ ಬಾಡಿಗೆಗೆ ಮಾತ್ರ. ಟಿಫ್ ಹಳೆಯದು, 1986ರದು, ಎಲ್ಲೆಡೆ ತೆರೆಯುತ್ತದೆ. ಆದರೆ ಫೋಟೋಶಾಪ್ ಟಿಫ್‌ನೊಳಗೆ ಪದರಗಳನ್ನಿಡುವುದು ತನ್ನದೇ ಖಾಸಗಿ ಚೀಲದಲ್ಲಿ. ಬೇರೆ ಕಡೆ ತೆರೆದರೆ ಸಾಮಾನ್ಯವಾಗಿ ಚಪ್ಪಟೆ ಚಿತ್ರ ಮಾತ್ರ ಕಾಣುತ್ತದೆ. ಗಿಂಪ್ ಎಂಬ ಉಚಿತ ತಂತ್ರಾಂಶದ ಎಕ್ಸ್‌ಸಿಎಫ್ ಮುಕ್ತ, ಆದರೂ ಅದು ಆ ತಂತ್ರಾಂಶದ ಸ್ವಂತ ಬಳಕೆಗೆಂದೇ ಹುಟ್ಟಿದ್ದು. 2006ರಲ್ಲಿ ಮುಕ್ತ ತಂತ್ರಾಂಶದ ಬಳಗ ಹಂಚಿಕೆಗಾಗಿಯೇ ಓಪನ್‌ರಾಸ್ಟರ್ ಎಂಬುದನ್ನು ಮುಂದಿಟ್ಟಿತು. ಅದರ ಫೈಲ್ ಹೆಸರು .ಓಆರ್‌ಎ ಎಂದು ಮುಗಿಯುತ್ತದೆ, ಒಳಗಿರುವುದು ಒಂದು ಜಿಪ್ ಗಂಟು ಅಷ್ಟೇ. ಬಿಚ್ಚಿದರೆ ಪ್ರತಿ ಪದರವೂ ಒಂದೊಂದು ಪಿಎನ್‌ಜಿ, ಎಲ್ಲ ಸೇರಿದ ಪೂರ್ಣ ಚಿತ್ರ ಇನ್ನೊಂದು ಪಿಎನ್‌ಜಿ, ಯಾವುದರ ಮೇಲೆ ಯಾವುದು ಎಂದು ಹೇಳುವ ಒಂದು ಪುಟ್ಟ ಪಠ್ಯ. ಕ್ರಿಟಾ, ಗಿಂಪ್ ಎರಡೂ ಇದನ್ನು ಓದಿ ಬರೆಯುತ್ತವೆ. ನಾಳೆ ಎರಡೂ ಇಲ್ಲವಾದರೂ ಜಿಪ್ ಬಿಚ್ಚಲು ಬಂದವರು ಚಿತ್ರವನ್ನು ಮತ್ತೆ ಜೋಡಿಸಬಹುದು. ಇದರ ಬಡತನವೂ ಇದೇ: ಸರಳವಾದದ್ದನ್ನು ಮಾತ್ರ ಹಿಡಿಯುತ್ತದೆ, ಫೋಟೋಶಾಪಿನ ಅನೇಕ ಚಮತ್ಕಾರಗಳಿಗೆ ಇದರಲ್ಲಿ ಜಾಗವಿಲ್ಲ. ಫೋಟೋಶಾಪ್ ತಾನಾಗಿ ಇದನ್ನು ತೆರೆಯುವುದೂ ಇಲ್ಲ.

ಇವೆಲ್ಲ ಅತಿ ಎಚ್ಚರಿಕೆ ಎನ್ನುವವರಿಗೆ ಆ್ಯಂಡಿ ವಾರ್ಹಾಲ್‌ನ ಕಥೆ ಹೇಳಬೇಕು. 1985ರಲ್ಲಿ ಅಮಿಗಾ ಎಂಬ ಹೊಸ ಕಂಪ್ಯೂಟರಿನ ಪ್ರಚಾರಕ್ಕಾಗಿ ಆತ ಅದರಲ್ಲಿ ಚಿತ್ರಗಳನ್ನು ಬರೆದ. 1987ರಲ್ಲಿ ತೀರಿಕೊಂಡ. ಫ್ಲಾಪಿಗಳು ಪಿಟ್ಸ್‌ಬರ್ಗ್‌ನಲ್ಲಿರುವ ಅವನ ಹೆಸರಿನ ಸಂಗ್ರಹಾಲಯದಲ್ಲಿ ಭದ್ರವಾಗಿಯೇ ಇದ್ದವು. ಕೋರಿ ಆರ್ಕೇಂಜಲ್ ಎಂಬ ಕಲಾವಿದ ಬೆನ್ನುಹತ್ತಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಕೈಹಾಕಿದ ಮೇಲೆ, 2014ರಲ್ಲಿ ಆ ಚಿತ್ರಗಳು ಹೊರಬಿದ್ದವು. ಫ್ಲಾಪಿಯಿಂದ ಫೈಲುಗಳನ್ನು ಎತ್ತಿದ್ದಷ್ಟೇ ಸಾಲಲಿಲ್ಲ. ಕೆಲವನ್ನು ಉಳಿಸಿದ್ದ ಫಾರ್ಮ್ಯಾಟ್ ಈಗಿನ ಯಾವ ತಂತ್ರಾಂಶಕ್ಕೂ ಗೊತ್ತಿರದೆ ಅದನ್ನು ಹಿಂದುಮುಂದಾಗಿ ಬಿಡಿಸಿ ಅರ್ಥಮಾಡಿಕೊಳ್ಳಬೇಕಾಯಿತು. ಜಗತ್ಪ್ರಸಿದ್ಧನಾದ್ದರಿಂದ ಅವನಿಗೆ ಆ ಭಾಗ್ಯ ಸಿಕ್ಕಿತು. ನಮ್ಮ ನಿಮ್ಮ ಮನೆಯ ಚಿತ್ರಗಾರರಿಗೆ ಯಾವ ಕ್ಲಬ್ಬಿನವರು ಬರುತ್ತಾರೆ? ನಮ್ಮ ದೇಶದಲ್ಲಿ ಚಿತ್ರದ ಕೃತಿಸ್ವಾಮ್ಯ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಫೋಟೋಶಾಪ್ ಹುಟ್ಟಿದ್ದೇ 1990ರಲ್ಲಿ. ಮೊಮ್ಮಕ್ಕಳವರೆಗೆ ಬಾಳಬೇಕಾದ ಹಕ್ಕನ್ನು, ತನಗೇ ಇನ್ನೂ ನಲವತ್ತು ತುಂಬದ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದೇವೆ.

ಕನ್ನಡಿಗರಿಗೆ ಈ ಪಾಠ ಹೊಸದಾಗಿರಬಾರದು. ಯೂನಿಕೋಡ್ ಬಳಕೆಗೆ ಬರುವ ಮೊದಲು ನಾವು ಟೈಪ್ ಮಾಡಿದ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕೀಟಗಳು ಹರಿದಾಡಿದ ಹಾಗೆ ಚಿಹ್ನೆಗಳು. ಎಷ್ಟು ಕಥೆ, ಲೇಖನ, ಪ್ರಬಂಧಗಳು ಹಾಗೆ ಸಿಕ್ಕಿಬಿದ್ದಿವೆಯೋ. ಪದರಗಳಿರುವ ಚಿತ್ರದಲ್ಲೂ ಅದೇ ಕಥೆ. ಅಕ್ಷರಗಳ ಪದರವನ್ನು ಅಕ್ಷರವಾಗಿಯೇ ಉಳಿಸಿದರೆ, ಮುಟ್ಟುವವರೆಗೆ ಚೆನ್ನಾಗಿ ಕಾಣುತ್ತದೆ. ಒಂದು ಕೊಂಬು ತಿದ್ದಲು ಹೋದರೆ 'ಫಾಂಟ್ ಇಲ್ಲ' ಎಂಬ ಸಂದೇಶ ಬಂದು ಶೀರ್ಷಿಕೆ ಬೇರೆಯೇ ಏನೋ ಆಗುತ್ತದೆ, ಅಥವಾ ಒತ್ತಕ್ಷರಗಳು ಕಳಚಿ ಸಾಲಿನಲ್ಲಿ ನಿಲ್ಲುತ್ತವೆ. ಅಕ್ಷರಗಳನ್ನು ಆಕಾರಗಳಾಗಿ ಬದಲಿಸಿದರೆ ರೂಪ ಕೆಡುವುದಿಲ್ಲ, ಆದರೆ ಅವು ಮುಂದೆ ಅಕ್ಷರಗಳಲ್ಲ, ಅಕ್ಷರದ ಚಿತ್ರ. ತಿದ್ದುವಂತಿಲ್ಲ, ಹುಡುಕುವಂತಿಲ್ಲ. ರೂಪ ಉಳಿಯಬೇಕೋ ತಿದ್ದುವ ಅವಕಾಶ ಉಳಿಯಬೇಕೋ ಎಂಬ ಇಕ್ಕಟ್ಟು ಇಲ್ಲಿಯೂ ಇದೆ.

ಇಲ್ಲಿಯವರೆಗಿನದು ಜಾಣತನದ ವಿಷಯ. ಸ್ವಲ್ಪ ಓದಿಕೊಂಡು, ಸ್ವಲ್ಪ ಖರ್ಚು ಮಾಡಿ ಪರಿಹರಿಸಬಹುದು. ಎಲ್ಲವನ್ನೂ ಸರಿಯಾಗಿ ಉಳಿಸಿದ ಮೇಲೆ ಹುಟ್ಟುವ ಪ್ರಶ್ನೆ ಇನ್ನೂ ಕಷ್ಟದ್ದು.

ಪುಣೆಯಲ್ಲಿ ನಮ್ಮ ಬಡಾವಣೆಯಲ್ಲೇ ಒಬ್ಬ ಹಿರಿಯರಿದ್ದರು. ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿ ನಿವೃತ್ತರಾದವರು, ಅರವತ್ತರ ಮೇಲೆ ಟ್ಯಾಬ್ಲೆಟ್ ಕೊಂಡು ಡಿಜಿಟಲ್ ಚಿತ್ರ ಕಲಿತವರು. ಕನ್ನಡಿಗರ ಸಂಘವೊಂದರ ವಾರ್ಷಿಕ ಸಂಚಿಕೆಗೆ ಹಲವು ವರ್ಷ ಮುಖಪುಟ ಬರೆದುಕೊಟ್ಟರು, ಪುಕ್ಕಟೆಯಾಗಿ. ಅವರು ತೀರಿಕೊಂಡ ಮೇಲೆ ಮಗಳು, ಕಂಪ್ಯೂಟರ್ ಗೊತ್ತಿರುವವನು ಎಂದು ನನ್ನನ್ನು ಕರೆದರು. ಅಪ್ಪನ ಲ್ಯಾಪ್‌ಟಾಪಿನಲ್ಲಿ ತಂತ್ರಾಂಶದ ಬಾಡಿಗೆಯ ಅವಧಿ ಮುಗಿದಿತ್ತು. ನಾನು ಗಿಂಪ್ ಹಾಕಿ ಪಿಎಸ್‌ಡಿ ಫೈಲುಗಳನ್ನು ತೆರೆದೆ. ಅಷ್ಟಿಷ್ಟು ನೆರಳು ಹೋಗಿದ್ದು ಬಿಟ್ಟರೆ ಎಲ್ಲವೂ ಬಂದವು.

ಒಂದು ಮುಖಪುಟದಲ್ಲಿ ದೀಪ, ಕಮಾನು, ದೂರದಲ್ಲಿ ಊರ ಗೋಪುರ, ನಗುವ ಒಂದು ಕುಟುಂಬ. ಎಲ್ಲರೂ ನೋಡಿದ್ದ ಚಿತ್ರವೇ. ಪದರಗಳ ಪಟ್ಟಿಯಲ್ಲಿ ಒಂದರ ಮುಂದೆ ಮಾತ್ರ ಕಣ್ಣಿನ ಗುರುತು ಇರಲಿಲ್ಲ. ಮಗಳು ಅದನ್ನು ಒತ್ತಿದರು. ಕಮಾನಿನ ಪಕ್ಕ ಒಬ್ಬ ಹೆಂಗಸು ಕಾಣಿಸಿಕೊಂಡಳು. ತಲೆಯ ಮೇಲೆ ಗಂಟು, ಸೊಂಟದಲ್ಲಿ ಮಗು, ಕೈಯಲ್ಲಿ ಸಿಮೆಂಟು ಹೊರುವ ಬಾಣಲೆ. ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬರುವ ಹೆಂಗಸರನ್ನು ಪುಣೆಯಲ್ಲಿದ್ದವರು ಯಾರೂ ಗುರುತಿಸಬಲ್ಲರು. ಮಗಳಿಗೆ ನೆನಪಾಯಿತು: ಸಮಿತಿಯವರೊಬ್ಬರು ಹಬ್ಬದ ಸಂಚಿಕೆಗೆ ಇದು ಒಪ್ಪುವುದಿಲ್ಲ ಎಂದಿದ್ದರಂತೆ. ಅಪ್ಪ ಆ ಪದರವನ್ನು ಅಳಿಸಿರಲಿಲ್ಲ. ಕಣ್ಣು ಮುಚ್ಚಿಸಿದ್ದರು, ಅಷ್ಟೇ.

ಸಂಘದ ಹೊಸ ಸಮಿತಿ ಅವರ ನೆನಪಿಗೆ ಚಿತ್ರಗಳ ಸಂಚಿಕೆ ತರಲು ಹೊರಟಿತ್ತು. ವಿಷಯ ತಿಳಿದು, 'ನಿಜವಾದ ಮುಖಪುಟ'ವನ್ನೇ ಹಾಕೋಣ ಎಂದರು. ಈಗಿನವರು ಒಳ್ಳೆಯವರು, ಹಿಂದಿನವರ ಸಣ್ಣತನವನ್ನು ತೊಳೆಯುವ ಉತ್ಸಾಹ ಅವರಿಗಿತ್ತು. ಮಗಳು ನನ್ನ ಅಭಿಪ್ರಾಯ ಕೇಳಿದರು. ಫೈಲ್ ತೆರೆದುಕೊಡುವುದು ಸುಲಭದ ಕೆಲಸವಾಗಿತ್ತು, ಇದಕ್ಕೆ ಉತ್ತರ ಹೇಳಲು ವಾರ ಹಿಡಿಯಿತು.

ಫೈಲ್ ಏನು ಹೇಳುತ್ತದೆ ಎಂದು ಮೊದಲು ನೋಡೋಣ. ಪಿಎಸ್‌ಡಿಯಲ್ಲಿ ಒಂದು ಪದರ ಕಾಣಬೇಕೋ ಬೇಡವೋ ಎಂಬುದು ಒಂದೇ ಒಂದು ಬಿಟ್, ಸೊನ್ನೆ ಅಥವಾ ಒಂದು. ಓಪನ್‌ರಾಸ್ಟರ್‌ನಲ್ಲಿ 'ಹಿಡನ್' ಎಂಬ ಒಂದು ಪದ. ಯಾಕೆ ಮುಚ್ಚಿದರು ಎಂಬುದಕ್ಕೆ ಯಾವ ಫಾರ್ಮ್ಯಾಟಿನಲ್ಲೂ ಜಾಗವಿಲ್ಲ. ಮುಂದೊಂದು ದಿನ ತೆರೆಯಲೆಂದು ಮುಚ್ಚಿದ್ದರೇ? ಸಿಟ್ಟಿನಿಂದಲೇ? ಸಮಿತಿ ಹೇಳಿದ್ದೇ ಸರಿ, ಚಿತ್ರ ಭಾರವಾಗುತ್ತದೆ ಎಂದು ಒಪ್ಪಿಯೇ? ಅಥವಾ ಮುಚ್ಚಿ ಮರೆತೇ ಬಿಟ್ಟರೇ? ಅಳಿಸಿದ್ದರೆ 'ಬೇಡ' ಎಂದಂತೆ. ತೆರೆದು ಕೊಟ್ಟಿದ್ದರೆ 'ಸರಿ' ಎಂದಂತೆ. ಮುಚ್ಚಿಟ್ಟದ್ದು ಎರಡೂ ಅಲ್ಲ.

ಕ್ಯಾನ್ವಾಸಿನ ಕಾಲದಲ್ಲೂ ಹೀಗಾಗಿದೆ. ಪಿಕಾಸೊ 1903-04ರಲ್ಲಿ ಬರೆದ 'ದಿ ಓಲ್ಡ್ ಗಿಟಾರಿಸ್ಟ್' ಈಗ ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿದೆ. ಆ ಮುದುಕನ ತಲೆಯ ಹಿಂದೆ ಒಬ್ಬ ಹೆಂಗಸಿನ ಮುಖ ಮಸುಕಾಗಿ ಕಾಣುತ್ತದೆ. ಎಕ್ಸ್‌ರೇ, ಅತಿಗೆಂಪು ಕಿರಣಗಳ ಪರೀಕ್ಷೆಯಲ್ಲಿ ಅದು ಇನ್ನೂ ಸ್ಪಷ್ಟವಾಯಿತು. ಬಡತನದ ದಿನಗಳಲ್ಲಿ ಹಳೆಯ ಕ್ಯಾನ್ವಾಸಿನ ಮೇಲೇ ಹೊಸದನ್ನು ಬರೆಯುವುದು ಅವನಿಗೆ ರೂಢಿ. ಆದರೆ ಆ ಹೆಂಗಸನ್ನು ಕಂಡ ಮೇಲೂ ಸಂಗ್ರಹಾಲಯದವರು ಮುದುಕನನ್ನು ಕೆರೆದು ತೆಗೆಯಲಿಲ್ಲ. ಕೆಳಗಿನದನ್ನು ತಿಳಿದುಕೊಂಡರು, ಬರೆದರು, ಗೋಡೆಯ ಮೇಲೆ ಮುದುಕನನ್ನೇ ಉಳಿಸಿದರು. ಡಿಜಿಟಲ್ ಫೈಲಿನಲ್ಲಿ ಕೆರೆಯಬೇಕಾಗಿಲ್ಲ, ಏನೂ ಹಾಳಾಗುವುದಿಲ್ಲ, ಒಂದು ಕ್ಲಿಕ್ ಸಾಕು. ಹಾನಿಯಿಲ್ಲದ್ದರಿಂದ ತಪ್ಪೂ ಇಲ್ಲ ಎಂದು ನಮಗನ್ನಿಸುವುದು ಇಲ್ಲಿಯೇ.

ನಾನು ಮಗಳಿಗೆ ಹೇಳಿದ್ದು ಇಷ್ಟು. ಅವರು ಸಹಿ ಹಾಕಿ ಹೊರಗೆ ಬಿಟ್ಟ ಚಿತ್ರವೇ ಮುಖಪುಟ. ಅದು ಒತ್ತಡದಲ್ಲಿ ಆಗಿರಬಹುದು, ಆದರೂ ಕೊನೆಯ ಕೈ ಅವರದ್ದೇ. ಹೆಂಗಸಿನ ಪದರ ಅವರ ಡೈರಿಯ ಹಾಗೆ. ಡೈರಿಯನ್ನು ಸುಡುವುದು ಬೇಡ, ಅದನ್ನೇ ಪುಸ್ತಕ ಎಂದು ಅಚ್ಚುಹಾಕುವುದೂ ಬೇಡ. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಸೆಕ್ಷನ್ ಕಲಾವಿದನಿಗೆ ತನ್ನ ಕೃತಿಯನ್ನು ವಿರೂಪಗೊಳಿಸಿ ಗೌರವಕ್ಕೆ ಕುಂದು ತಂದರೆ ತಡೆಯುವ ಹಕ್ಕು ಕೊಡುತ್ತದೆ, ಆತನ ನಂತರ ವಾರಸುದಾರರಿಗೂ. ಅಂದರೆ ಕಾಯುವ ಕೆಲಸ ನಿಮ್ಮದು ಎಂದೆ.

ನನ್ನ ಗೆಳತಿಯೊಬ್ಬಳು, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಪಾಠ ಹೇಳುವವಳು, ಇದನ್ನು ಕೇಳಿ ಸಿಡಿದಳು. 'ನೀನು ಕಲಾವಿದನ ಹಕ್ಕು ಎನ್ನುತ್ತೀಯ. ಆ ಹೆಂಗಸಿನ ಹಕ್ಕು ಎಲ್ಲಿ ಹೋಯಿತು? ಊರು ಬಿಟ್ಟು ಬಂದವರ ಸಂಚಿಕೆಯ ಮುಖಪುಟದಿಂದಲೇ, ಊರು ಬಿಟ್ಟು ಬಂದವಳನ್ನು ಓಡಿಸಿದರು. ಈಗ ನೀನೂ ಅವಳನ್ನು ಒಳಗೆ ತಳ್ಳುತ್ತಿದ್ದೀಯ.' ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹೇಳಬಹುದಾದದ್ದು ಇಷ್ಟೇ: ಅವಳು ಮುಖಪುಟದ ಮೇಲೆ ಇರಬೇಕು ಎಂದು ನಾವು ನಂಬಿದರೆ, ಹೊಸ ಮುಖಪುಟ ಬರೆಸಿ, ನಮ್ಮ ಹೆಸರು ಹಾಕಿ, ಬರುವ ಟೀಕೆಯನ್ನು ನಾವು ಎದುರಿಸಬೇಕು. ತೀರಿಹೋದವರ ಕೈಯಿಂದ ಧೈರ್ಯ ಮಾಡಿಸುವುದು ತೀರಾ ಸುಲಭ. ಅವರು ಬದುಕಿದ್ದಾಗ ಒಬ್ಬಂಟಿಯಾಗಿ ನುಂಗಿಕೊಂಡದ್ದನ್ನು, ಈಗ ಖರ್ಚಿಲ್ಲದೆ ನಮ್ಮ ಪುಣ್ಯವಾಗಿ ಬರೆದುಕೊಂಡಂತಾಗುತ್ತದೆ. ಕೊನೆಗೆ ಮಗಳು ಸಂಚಿಕೆಗೆ ಅಚ್ಚಾದ ಮುಖಪುಟವನ್ನೇ ಕೊಟ್ಟರು. ಹೆಂಗಸಿರುವ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಮನೆಯ ಗೋಡೆಗೆ ಹಾಕಿದ್ದಾರೆ. ಬಂದವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಗೆಳತಿಗೆ ಇದು ಸಮಾಧಾನ ತಂದಿಲ್ಲ. ಹೊಸ ಮುಖಪುಟವನ್ನು ನಮ್ಮಲ್ಲಿ ಯಾರೂ ಇನ್ನೂ ಬರೆಸಿಲ್ಲ ಎಂದು ಸಿಕ್ಕಾಗಲೆಲ್ಲ ನೆನಪಿಸುತ್ತಾಳೆ, ಅದು ನಿಜ ಕೂಡ.

ಬದುಕಿರುವವರ ನಡುವೆ ಈ ಜಗಳ ಬೇರೆ ರೂಪದಲ್ಲಿ ನಡೆಯುತ್ತದೆ. ಗಿರಾಕಿಗೆ ಕಲಾವಿದ ಚಪ್ಪಟೆ ಚಿತ್ರ ಮಾತ್ರ ಕೊಡುತ್ತಾನೆ. 'ದುಡ್ಡು ಕೊಟ್ಟಿದ್ದೇನೆ, ಪದರಗಳೂ ನನ್ನವೇ' ಎಂದು ಗಿರಾಕಿ. 'ಪದರ ಕೊಟ್ಟರೆ ನಾಳೆ ವೀಣೆಯ ಮೇಲೆ ಪ್ರಾಯೋಜಕರ ಲೋಗೋ ಕೂರಿಸುತ್ತೀರಿ, ಮುಂದಿನ ವರ್ಷ ನನ್ನನ್ನು ಕರೆಯುವುದೂ ಇಲ್ಲ' ಎಂದು ಕಲಾವಿದ. ಇಬ್ಬರ ಭಯವೂ ಖೊಟ್ಟಿಯಲ್ಲ. ನಮ್ಮ ಸಾಫ್ಟ್‌ವೇರ್ ವ್ಯವಹಾರದಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ, ಎಸ್ಕ್ರೋ ಎನ್ನುತ್ತಾರೆ. ಗಿರಾಕಿಗೆ ಓಡುವ ಪ್ರೋಗ್ರಾಮು, ಅದರ ಮೂಲ ಸಂಕೇತ ಮೂರನೆಯವರ ವಶಕ್ಕೆ. ಮಾಡಿಕೊಟ್ಟವರು ಮುಳುಗಿಹೋದರೆ ಮಾತ್ರ ಅದು ಗಿರಾಕಿಯ ಕೈಗೆ ಬರುತ್ತದೆ. ಪದರಗಳು ಚಿತ್ರದ ಮೂಲ ಸಂಕೇತವೇ. ಸಣ್ಣ ಸಂಘಗಳಿಗೆ ವಕೀಲರ ಕಾಗದ ಬೇಡ, ಇಬ್ಬರೂ ನಂಬುವ ಒಬ್ಬರ ಕೈಯಲ್ಲಿ ಪೆನ್ ಡ್ರೈವ್ ಇದ್ದರೆ ಸಾಕು. ಬಡ ಕಲಾವಿದನ ಕೈಯಲ್ಲಿರುವ ಒಂದೇ ಹಿಡಿತ ಚಪ್ಪಟೆ ಮಾಡುವುದು. ಅದನ್ನು ಕಿತ್ತುಕೊಳ್ಳುವ ಮೊದಲು ಅವನಿಗೆ ಬೇರೆ ಭರವಸೆ ಕೊಡಬೇಕು. ಇತ್ತೀಚೆಗಂತೂ ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದಲ್ಲ ಎಂದು ತೋರಿಸಲು ಪದರಗಳ ಫೈಲು ಕೊಡಿ ಎಂದು ಕೇಳುವುದು ಶುರುವಾಗಿದೆ. ಪ್ರಾಮಾಣಿಕನೆಂದು ಸಾಬೀತುಪಡಿಸಲು ತನ್ನ ಕಚ್ಚಾ ಗೆರೆಗಳನ್ನೆಲ್ಲ ಅಪರಿಚಿತರ ಮುಂದೆ ಹರವಬೇಕಾದ ಸ್ಥಿತಿ ಬಂದಾಗ, ತೋರಿಸಿ ಮರಳಿ ಪಡೆಯುವ ವ್ಯವಸ್ಥೆಯನ್ನಾದರೂ ಕೇಳುವವರು ಮಾಡಬೇಕು.

ಇಷ್ಟೊಂದು ಉಳಿಸುವ ಹಟ ಯಾಕೆ ಎಂದೂ ಕೇಳಬಹುದು. ಅಂಗಳದ ರಂಗೋಲಿಯನ್ನು ಮರುದಿನ ಗುಡಿಸುತ್ತೇವೆ, ಗಣಪತಿಯನ್ನು ನೀರಿಗೆ ಬಿಡುತ್ತೇವೆ. ಬಿಟ್ಟುಕೊಡುವುದೂ ಕಲೆಯ ಭಾಗವೇ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ರಂಗೋಲಿ ಗುಡಿಸುವವಳು ಹಾಕಿದವಳೇ. ಕಂಪನಿಯೊಂದು ತಂತ್ರಾಂಶ ನಿಲ್ಲಿಸಿದ್ದರಿಂದ ಕಳೆದುಹೋಗುವ ಚಿತ್ರಕ್ಕೆ ವಿಸರ್ಜನೆಯ ಘನತೆ ಇಲ್ಲ. ಫ್ರೀಹ್ಯಾಂಡ್ ಎಂಬ ಜನಪ್ರಿಯ ತಂತ್ರಾಂಶವನ್ನು ಅಡೋಬಿ 2005ರಲ್ಲಿ ಅದರ ಒಡೆಯ ಕಂಪನಿಯೊಂದಿಗೆ ಕೊಂಡು, 2007ರಲ್ಲಿ ಅಭಿವೃದ್ಧಿ ನಿಲ್ಲಿಸಿತು. ಅದನ್ನು ನಂಬಿ ವರ್ಷಗಟ್ಟಲೆ ಬರೆದವರನ್ನು ಯಾರೂ ಕೇಳಲಿಲ್ಲ. ಬಿಡುವುದಿದ್ದರೆ ನಾವೇ ಬಿಡೋಣ, ಗೊತ್ತಿದ್ದು ಬಿಡೋಣ. ಮುಚ್ಚಿದ ಪದರ ಯಾರೂ ನೋಡಬಾರದ್ದಾಗಿದ್ದರೆ, ಕಣ್ಣು ಮುಚ್ಚಿಸಿ ಸುಮ್ಮನಾಗದೆ ಅಳಿಸಿಯೇ ಬಿಡುವುದು ಒಳ್ಳೆಯದು.

ಹೀಗಾಗಿ ಚಿತ್ರ ಬರೆಯುವ ಗೆಳೆಯರು ಯಾವ ಫಾರ್ಮ್ಯಾಟ್ ಎಂದು ಕೇಳಿದರೆ ನಾನು ಮೂರು ಫೈಲು ಇಡಿ ಎನ್ನುತ್ತೇನೆ. ಒಂದು, ಪೂರ್ಣ ಅಳತೆಯ ಪಿಎನ್‌ಜಿ ಅಥವಾ ಚಪ್ಪಟೆ ಟಿಫ್. ಇದು ಎಲ್ಲರಿಗೂ, ಯಾವ ಯಂತ್ರದಲ್ಲೂ ತೆರೆಯಲಿ. ಎರಡು, ಪದರಗಳಿರುವ ಫೈಲು. ಕೆಲಸಕ್ಕೆ ಪಿಎಸ್‌ಡಿ ಇರಲಿ, ಜೊತೆಗೆ ಓಆರ್‌ಎ ಪ್ರತಿ ಇರಲಿ, ನೀವು ನಂಬುವ ಒಬ್ಬರಿಗೆ ಅದು ಎಲ್ಲಿದೆ ಎಂದು ಗೊತ್ತಿರಲಿ. ಮೂರನೆಯದು ಬರೀ ಪಠ್ಯ, ಯೂನಿಕೋಡ್ ಕನ್ನಡದಲ್ಲಿ, ಹತ್ತು ಸಾಲು ಸಾಕು: ಚಿತ್ರ ಯಾವಾಗಿನದು, ಯಾರಿಗಾಗಿ ಬರೆದದ್ದು, ಯಾವ ಫಾಂಟ್, ಶೀರ್ಷಿಕೆಯಲ್ಲಿರುವ ಅಕ್ಷರಗಳೇನು, ಯಾರು ಏನನ್ನು ತಿದ್ದಬಹುದು. ಮುಚ್ಚಿದ ಪದರವಿದ್ದರೆ ಅದರ ಬಗ್ಗೆ ಒಂದು ಸಾಲು, ಯಾಕೆ ಮುಚ್ಚಿದ್ದು, ಮುಂದೆ ತೋರಿಸಬಹುದೋ ಇಲ್ಲವೋ. ಮೊದಲ ಎರಡನ್ನು ಕೆಲವರು ಮಾಡುತ್ತಾರೆ. ಮೂರನೆಯದನ್ನು ಬರೆಯುವವರು ತೀರಾ ಕಡಿಮೆ, ಮಗಳಿಗೂ ನನಗೂ ಒಂದು ವಾರ ಬೇಕಾಗಿದ್ದ ಸಾಲು ಅದೇ.